ಯಜಮಾನರ ಖಾಲಿ ಮನೆ

ಮಾರ್ಚ್ ೩, ಸೋಮವಾರ

ಏನು ತಿಂದೆ, ಎಷ್ಟು ಸಲ ಹೋದೆ, ಎಲ್ಲಿ ನೋವಾಯಿತು ಎಂದು ದಿನಾ ಬರೆದಿಡು ಅಂತ ಹೊಟ್ಟೆ ಡಾಕ್ಟರಮ್ಮ ಹೇಳಿದ್ದಾರೆ. ಪುಸ್ತಕ ತಂದಿದ್ದೇನೆ. ಆದರೆ ಅದನ್ನು ಮಾತ್ರ ಬರೆಯುವುದಿಲ್ಲ. ಹತ್ತೊಂಬತ್ತನೇ ವಯಸ್ಸಿನಿಂದ ಕಕ್ಕಸಿನ ಲೆಕ್ಕ ಒಪ್ಪಿಸಿ ಒಪ್ಪಿಸಿ ನನಗೆ ಸಾಕಾಗಿದೆ. ಈ ಪುಸ್ತಕದಲ್ಲಿ ಬೈಗುಳ ಬರೆಯುತ್ತೇನೆ. ಬೈಯುವುದಕ್ಕೆ ಜನ ಬೇಕಾದಷ್ಟಿದ್ದಾರೆ, ಹಾಳೆ ಸಾಲಬೇಕು ಅಷ್ಟೆ.

ಟೈಲ್ಸ್‌ನಿಂದ ಶುರು ಮಾಡೋಣ.

ಟೈಲ್ಸ್ ಎಂದರೆ ಟೈಲ್ಸ್ ಅಂಗಡಿಯವನು, ಜೂನ್ ತಿಂಗಳಲ್ಲಿ ನನ್ನನ್ನು ಮದುವೆಯಾಗುವವನು. ಕಾಯಿಲೆಯ ವಿಷಯ ಅವನಿಗೆ ಮೊದಲೇ ಹೇಳಿದ್ದೆ. ಕ್ರೋನ್ಸ್ ಅಂತ ಹೆಸರು, ಕರುಳು ತನ್ನಷ್ಟಕ್ಕೆ ತಾನೇ ಹುಣ್ಣಾಗುತ್ತದೆ, ಪೂರ್ತಿ ವಾಸಿ ಅಂತ ಇಲ್ಲ, ಮಲಗಿದ್ದಾಗ ಮಲಗಿರುತ್ತದೆ, ಎದ್ದರೆ ಹಿಡಿಯುವವರಿಲ್ಲ, ಎರಡು ಸಲ ಹೊಟ್ಟೆ ಕೊಯ್ದಿದ್ದಾರೆ. ಅವನು ಗಂಭೀರವಾಗಿ ತಲೆಯಾಡಿಸಿ "ಅದಕ್ಕೇನಂತೆ" ಅಂದಿದ್ದ. ಎಷ್ಟು ದೊಡ್ಡ ಮನಸ್ಸು ಎಂದುಕೊಂಡಿದ್ದೆ. ಕೇಳುವುದು ಬೇರೆ, ನೋಡುವುದು ಬೇರೆ. ಹೋದ ವಾರ ಅವನ ಮನೆಯಲ್ಲಿ ಯಾರೂ ಇಲ್ಲದ ಮಧ್ಯಾಹ್ನ, ಹೊಟ್ಟೆಯ ಮೇಲಿನ ಗುರುತು ನೋಡಿದ.

ಏನೂ ಅನ್ನಲಿಲ್ಲ ಎನ್ನುವುದೇ ನನ್ನ ಸಿಟ್ಟು. ಥೂ ಅಂದಿದ್ದರೆ ಎರಡು ಬಿಗಿದು ಬರುತ್ತಿದ್ದೆ. ನನ್ನ ಅಂಗಿಯ ಅಂಚು ಹಿಡಿದು ಮೆಲ್ಲಗೆ ಕೆಳಗೆಳೆದ. ಎಳೆದು, ಅಂಗೈಯಿಂದ ಒಮ್ಮೆ ತಟ್ಟಿದ. ಹಳಸಿದ ಪಾತ್ರೆಯ ಮೇಲೆ ಮುಚ್ಚಳ ಮುಚ್ಚಿದ ಹಾಗೆ. ಆಮೇಲೆ "ಕಾಫಿ ಕುಡೀತೀಯಾ?" ಅಂದ.

ಇವತ್ತು ಫೋನ್ ಮಾಡಿದ್ದ. "ನನಗೇನೂ ತೊಂದರೆ ಇಲ್ಲಪ್ಪ. ಆದ್ರೆ ಈಗೆಲ್ಲಾ ಸರಿ ಮಾಡ್ತಾರಂತೆ. ನಮ್ಮ ಅಂಗಡಿಗೆ ಬರೋ ಒಬ್ಬರು ಪ್ಲಾಸ್ಟಿಕ್ ಸರ್ಜನ್ ಇದ್ದಾರೆ, ಅವರ ಇಡೀ ಬಾತ್‌ರೂಮು ನಮ್ಮ ಟೈಲ್ಸೇ. ಒಂದು ಮಾತು ಕೇಳಿದ್ರೆ ತಪ್ಪೇನು?"

"ಅವರ ಬಾತ್‌ರೂಮ್ ಚೆನ್ನಾಗಿದ್ರೆ ನನ್ನ ಹೊಟ್ಟೆ ಚೆನ್ನಾಗಾಗುತ್ತಾ?"

"ನೋಡು, ಮತ್ತೆ ಜಗಳ."

ಜಗಳ ಆಡಿಯೇ ಫೋನ್ ಇಟ್ಟೆ. ಇಟ್ಟ ಮೇಲೆ, ಆ ಡಾಕ್ಟರ ನಂಬರ್ ಕಳಿಸು ಎಂದು ಮೆಸೇಜ್ ಹಾಕಿದೆ.

ಮಾರ್ಚ್ ೮, ಶನಿವಾರ

ಸರ್ಜನ್‌ಗೆ ಇಸ್ತ್ರಿ ಡಾಕ್ಟರ್ ಎಂದು ಹೆಸರಿಟ್ಟಿದ್ದೇನೆ. ಅವರ ಅಂಗಿಯಲ್ಲಿ ಒಂದು ಸುಕ್ಕಿಲ್ಲ, ಮುಖದಲ್ಲೂ ಇಲ್ಲ, ಇನ್ನು ನನ್ನ ಹೊಟ್ಟೆಗೂ ಇಸ್ತ್ರಿ ಹಾಕಲು ಹೊರಟಿದ್ದಾರೆ. ಗೋಡೆಗೆ ನೀಲಿ ಬಟ್ಟೆ ಇಳಿಬಿಟ್ಟು, ಅದರ ಮುಂದೆ ನನ್ನನ್ನು ನಿಲ್ಲಿಸಿ, ಎರಡು ದೊಡ್ಡ ದೀಪ ಹಾಕಿ ಫೋಟೋ ತೆಗೆದರು. ಸಣ್ಣ ಸ್ಕೇಲ್ ಇಟ್ಟು ಅಳೆದರು. ಅಪಘಾತವಾದ ಕಾರು ನೋಡಲು ಬರುವ ಇನ್ಶೂರೆನ್ಸ್‌ನವರ ಹಾಗೆ, ಮುಖ ನೋಡದೆ ಡೆಂಟ್ ಮಾತ್ರ ನೋಡುವ ಕಣ್ಣು.

ಉದ್ದದ ಗೆರೆ ಎದೆಗೂಡಿನ ಕೆಳಗೆ ಹೊರಟು, ಹೊಕ್ಕುಳನ್ನು ಬಳಸಿಕೊಂಡು ಕೆಳಗಿಳಿಯುತ್ತದೆ. ಎರಡು ಸಲವೂ ಅಲ್ಲೇ ಕೊಯ್ದದ್ದರಿಂದ ಹಗ್ಗದ ಹಾಗೆ ದಪ್ಪ. ಬಲಗಡೆ ಒಂದು ಗುಳಿ. ಮೊದಲ ಆಪರೇಷನ್ ಆದಾಗ ಕರುಳಿನ ತುದಿಯನ್ನು ಅಲ್ಲಿಂದ ಹೊರಗೆ ತಂದು ಚೀಲ ಕಟ್ಟಿದ್ದರು. ಅದಕ್ಕೆ ನಾನು ಯಜಮಾನರು ಎಂದು ಹೆಸರಿಟ್ಟಿದ್ದೆ. ಬೇಕೆಂದಾಗ ಸದ್ದು ಮಾಡಿ, ಮನೆಮಂದಿಯನ್ನೆಲ್ಲ ಎಬ್ಬಿಸಿ ಓಡಾಡಿಸುತ್ತಿದ್ದರು. ಒಂದು ವರ್ಷದ ನಂತರ ಯಜಮಾನರನ್ನು ವಾಪಸ್ ಒಳಗೆ ಕಳಿಸಿ ಹೊಲಿದರು. ಈ ಗುಳಿ ಅವರು ಬಿಟ್ಟುಹೋದ ಖಾಲಿ ಮನೆ. ಇದನ್ನೆಲ್ಲ ನಾನೂ ಸರಿಯಾಗಿ ನೋಡಿದವಳಲ್ಲ. ಸ್ನಾನದ ಮನೆಯ ಮಂಕು ಬಲ್ಬಿನಲ್ಲಿ, ಅತ್ತ ತಿರುಗಿ ಬಟ್ಟೆ ಹಾಕಿಕೊಂಡರೆ ಮುಗಿಯಿತು.

"ಗೆರೆಯನ್ನ ತೆಗೆದು ಸಣ್ಣಗೆ ಹೊಲೀಬಹುದು. ಗುಳೀನ ಮೇಲೆತ್ತಬಹುದು," ಅಂದರು ಇಸ್ತ್ರಿ ಡಾಕ್ಟರ್. "ಆದ್ರೆ ಗುರುತೇ ಇಲ್ಲದ ಹಾಗೆ ಮಾಡ್ತೀನಿ ಅಂತ ಯಾರಾದ್ರೂ ಹೇಳಿದ್ರೆ ಅವರ ಹತ್ರ ಹೋಗಬೇಡಿ. ಇನ್ನೊಂದು ಮಾತು. ಒಳಗಿನ ಕಾಯಿಲೆ ಆರು ತಿಂಗಳಾದ್ರೂ ತಣ್ಣಗಿರಬೇಕು. ಸ್ಟೀರಾಯ್ಡ್ ತಗೋತಿರಬಾರದು, ಗಾಯ ಮಾಯೋದಿಲ್ಲ. ಹೊಟ್ಟೆ ಡಾಕ್ಟರ ಒಪ್ಪಿಗೆ ಬೇಕು. ಕೊನೇ ಸಲ ನೋವು ಬಂದಿದ್ದು ಯಾವಾಗ?"

"ಒಂದು ವರ್ಷ ಆಗಿರಬೇಕು," ಅಂದೆ.

ಜನವರಿಯಲ್ಲಿ ಬಂದಿತ್ತು. ಜನವರಿಯದ್ದು ಇವರಿಗ್ಯಾಕೆ? ಏಪ್ರಿಲ್ ಕೊನೆಯಲ್ಲಿ ಮಾಡೋಣ ಅಂದಿದ್ದಾರೆ. ಮದುವೆಯ ಹೊತ್ತಿಗೆ ಹೊಲಿಗೆ ಒಣಗಿರುತ್ತದೆ.

ಮಾರ್ಚ್ ೧೨, ಬುಧವಾರ

ಅಣ್ಣನಿಗೆ ಗ್ಯಾರೇಜ್ ಇದೆ, ಕಣ್ಣಿಲ್ಲ. ಗೀರು ಬಿದ್ದ, ಗುದ್ದಿಸಿಕೊಂಡ ಕಾರುಗಳ ತಗಡು ನೆಟ್ಟಗೆ ಮಾಡುವುದು ಅವನ ಕೆಲಸ. ಅವುಗಳ ಹಳೆಯ ಬಣ್ಣಕ್ಕೆ ಹೊಂದುವ ಹಾಗೆ ಹೊಸ ಬಣ್ಣ ಕೂಡಿಸುವುದು ನನ್ನದು. ಒಂದು ಸಣ್ಣ ರಟ್ಟಿಗೆ ಬಳಿದು, ಒಣಗಿಸಿ, ಗೇಟಿನ ಹತ್ತಿರ ಬಿಸಿಲಿಗೆ ಹಿಡಿದು ನೋಡುತ್ತೇನೆ. ಒಳಗೆ ಟ್ಯೂಬ್‌ಲೈಟಿನಲ್ಲಿ ಒಪ್ಪಿದ ಬಣ್ಣ ಹೊರಗೆ ಹೋದರೆ ಹಾದರ ಬಯಲಾದ ಹಾಗೆ ಎದ್ದು ಕಾಣುತ್ತದೆ. ಹೊಂದಿದ ರಟ್ಟಿನ ಹಿಂದೆ ಯಾವ ಬಣ್ಣ ಎಷ್ಟು ಎಂದು, ಗಾಡಿಯವರ ಗುರುತು ಸಮೇತ ಬರೆದು, ಗೋಡೆಯ ಮೊಳೆಗೆ ಸಿಕ್ಕಿಸುತ್ತೇವೆ. ಒಮ್ಮೆ ಗೀರಿಸಿಕೊಂಡ ಗಾಡಿ ಮತ್ತೆ ಗೀರಿಸಿಕೊಂಡು ಬಂದೇ ಬರುತ್ತದೆ. ಆವಾಗ ಮೊದಲಿನಿಂದ ಒದ್ದಾಡಬೇಕಾಗಿಲ್ಲ.

ಇವತ್ತು ಮುತ್ತಿನ ಬಿಳಿಯ ಒಂದು ಕಾರು. ನನ್ನ ಜನ್ಮದ ವೈರಿ ಆ ಬಣ್ಣ. ನೇರ ನೋಡಿದರೆ ಬಿಳಿ, ಓರೆ ನೋಡಿದರೆ ಒಳಗಿಂದ ಏನೋ ಮಿನುಗುತ್ತದೆ. ಬೆಳಗಿನಿಂದ ಐದಾರು ರಟ್ಟು ಹಾಳಾದವು.

"ಸರಿಯಾಗೇ ಇದೆ ಕಣೆ, ಹೊಡೆದುಬಿಡೋಣ," ಅಂದ ಅಣ್ಣ, ಟ್ಯೂಬ್‌ಲೈಟಿನ ಕೆಳಗೆ ನಿಂತು.

"ನಿನ್ನ ಕಣ್ಣಿಗೆ ಎಲ್ಲಾ ಬಿಳೀನೂ ಒಂದೇ. ಹಾಲೂ ಬಿಳಿ, ಸುಣ್ಣಾನೂ ಬಿಳಿ. ಒಂದಿನ ಸುಣ್ಣ ಕುಡಿದು ನೋಡು."

ಅಷ್ಟರಲ್ಲಿ ಒಬ್ಬ ಮಹಾನುಭಾವ ಬಂದ. ಬಾಗಿಲ ಕೆಳಗೆಲ್ಲ ತುಕ್ಕು ತಿಂದ ಕಾರು. ಮಾರಬೇಕಂತೆ. "ಉಜ್ಜೋದು ಗಿಜ್ಜೋದು ಬೇಡ, ಮೇಲಿಂದ ಮೇಲೆ ಬಣ್ಣ ಹೊಡೆದುಕೊಡಿ, ತಗೊಳ್ಳೋನಿಗೆ ಒಂದು ತಿಂಗಳು ಚಂದ ಕಂಡ್ರೆ ಸಾಕು" ಅಂದ. ತುಕ್ಕಿನ ಮೇಲೆ ಬಣ್ಣ ಹೊಡೆಯುವ ಮನೆ ಇದಲ್ಲ, ಕೊಳ್ಳುವವನ ಕಣ್ಣಿಗೆ ಮಣ್ಣೆರಚುವುದಕ್ಕೆ ನಾಚಿಕೆಯಾಗಬೇಕು ಎಂದು ಗೇಟಿನವರೆಗೂ ಬೈದುಕೊಂಡು ಹೋಗಿ ಬಿಟ್ಟು ಬಂದೆ.

"ಬಂದ ಗಿರಾಕಿಯನ್ನೆಲ್ಲಾ ಓಡಿಸು," ಅಂದ ಅಣ್ಣ. "ಬೋರ್ಡ್ ತೆಗೆಸಿ ನಿನ್ನ ಫೋಟೋ ಹಾಕಿಸ್ತೀನಿ. ನಾಯಿ ಇದೆ ಎಚ್ಚರಿಕೆ ಅಂತ."

ಮಾರ್ಚ್ ೧೯, ಬುಧವಾರ

ಹೊಟ್ಟೆಯಲ್ಲಿ ಬಲಗಡೆ ಗ್ಯಾಸ್. ಗ್ಯಾಸ್ ಅಷ್ಟೇ.

ಮಾರ್ಚ್ ೨೨, ಶನಿವಾರ

ಟೈಲ್ಸ್ ಹೋಟೆಲಿಗೆ ಕರೆದುಕೊಂಡು ಹೋಗಿದ್ದ. ಅವನು ತಟ್ಟೆ ತುಂಬ ತರಿಸಿಕೊಂಡು ತಿಂದ. ನಾನು ಸೂಪನ್ನು ಚಮಚದಿಂದ ತಿರುಗಿಸುತ್ತಾ ಕೂತಿದ್ದೆ. ಗ್ಯಾಸ್ ಇನ್ನೂ ಇಳಿದಿಲ್ಲ. ಏನಾದರೂ ಒಳಗೆ ಹೋದರೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ ಆಗುತ್ತದೆ.

"ಊಟ ಯಾಕೆ ಬಿಟ್ಟಿದ್ದೀಯ?"

"ಡಯಟ್."

ಅವನ ಮುಖ ಅರಳಿತು. "ನಾನೂ ಅದನ್ನೇ ನೋಡ್ತಿದ್ದೆ. ಸಣ್ಣ ಆಗಿದೀಯ. ಈಗ ಎಷ್ಟು ಚೆನ್ನಾಗಿ ಕಾಣ್ತೀಯ ಗೊತ್ತಾ!"

ಇವನಿಗೆ ನನ್ನ ಕಾಯಿಲೆ ಚೆಂದ ಕಾಣುತ್ತದೆ, ಅದರ ಗುರುತು ಮಾತ್ರ ಆಗಿಬರುವುದಿಲ್ಲ. ಸೂಪನ್ನು ಅವನ ತಲೆಯ ಮೇಲೆ ಸುರಿಯಬೇಕು ಅನ್ನಿಸಿತು. ಸುರಿಯಲಿಲ್ಲ. ಥ್ಯಾಂಕ್ಸ್ ಅಂದೆ. ಯಾಕೆ ಅಂದೆನೋ. ಅದಕ್ಕೆ ನನಗೂ ಇಲ್ಲಿ ಒಂದು ಬೈಗುಳ: ಹೇತ್ಲಾಂಡಿ.

"ಆಪರೇಷನ್ ನನಗೋಸ್ಕರ ಅಲ್ಲ, ನಿನಗೋಸ್ಕರ," ಅಂತಲೂ ಹೇಳಿದ. ಹೇಳಿ, ಯಾವ ತಾರೀಖು ಸಿಕ್ಕಿತು ಎಂದು ಕೇಳಿದ.

ಮಾರ್ಚ್ ೨೮, ಶುಕ್ರವಾರ

ಡಾಕ್ಟರಮ್ಮನ ಹತ್ತಿರ ಒಪ್ಪಿಗೆಯ ಪತ್ರ ಕೇಳಲು ಹೋಗಿದ್ದೆ. ನನ್ನನ್ನು ಹತ್ತೊಂಬತ್ತರಿಂದ ಬೈಯುತ್ತಾ ಬಂದಿರುವ ಹೆಂಗಸು. ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ನೋಡಿದರು.

"ತೂಕ ಇಳಿದಿದೆ."

"ಮದುವೆ ಅಲ್ವಾ, ಊಟ ಕಡಿಮೆ ಮಾಡಿದ್ದೀನಿ."

"ನೋವು?"

"ಇಲ್ಲ."

"ನಾನು ಹೇಳಿದ್ದೆಲ್ಲಾ ಬರೆದಿಡ್ತಿದ್ದೀಯಾ?"

"ದಿನಾ ಬರೀತಿದ್ದೀನಿ ಮೇಡಂ."

"ಸರಿ. ಹೊಟ್ಟೆ ನಿನ್ನದು, ಚಂದ ಮಾಡಿಸ್ಕೋಬೇಕು ಅಂದ್ರೆ ಮಾಡಿಸ್ಕೋ. ನಾನು ಬೇಡ ಅನ್ನಲ್ಲ. ಆದ್ರೆ ಏಪ್ರಿಲ್ ಮಧ್ಯದಲ್ಲಿ ಹೇಗೂ ನಿನ್ನ ರಕ್ತದ ಪರೀಕ್ಷೆ ಇದೆ. ಅದನ್ನ ನೋಡಿ ಪತ್ರ ಕೊಡ್ತೀನಿ. ಬಾಯಲ್ಲಿ ಹೇಳೋದನ್ನ ನಾನು ನಂಬಲ್ಲ, ನಿನ್ನದಂತೂ ನಂಬೋದೇ ಇಲ್ಲ."

ಹೊರಗೆ ಬಂದು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂರಬೇಕಾಯಿತು. ಬಿಸಿಲು ಜಾಸ್ತಿ ಇತ್ತು, ಅದಕ್ಕೆ.

ಮಾರ್ಚ್ ೨೯, ಶನಿವಾರ

ಬಟ್ಟೆ ಬೀರುವಿನ ಕೆಳಗಿನ ಅರೆಯಲ್ಲಿ ಹಳೆಯ ಸ್ಟೀರಾಯ್ಡ್ ಮಾತ್ರೆ ಇತ್ತು, ಹಿಂದೆ ಕೊಟ್ಟಿದ್ದರಲ್ಲಿ ಉಳಿದದ್ದು. ನುಂಗಿದ್ದೇನೆ. ಪರೀಕ್ಷೆಯ ತನಕ ಒಳಗಿನದು ತೆಪ್ಪಗಿದ್ದರೆ ಸಾಕು. ಆಮೇಲೆ ಬಿಟ್ಟುಬಿಡುತ್ತೇನೆ. ಇಸ್ತ್ರಿ ಡಾಕ್ಟರಿಗೆ ಹೇಗೆ ಗೊತ್ತಾಗುತ್ತದೆ?

ಏಪ್ರಿಲ್ ೫, ಶನಿವಾರ

ನೋವು ಮಾಯ! ಯಾರಿಗೂ ಬೇಡ ಈ ಮಾತ್ರೆಯ ಸುಖ. ಗೋಡೆಯನ್ನೂ ತಿನ್ನಬಹುದು ಅನ್ನುವ ಹಸಿವು. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ತೊಳೆದೆ, ಗ್ಯಾರೇಜಿನಲ್ಲಿ ಹಳೇ ಬಣ್ಣದ ಡಬ್ಬಗಳನ್ನು ಎಸೆದೆ, ಅವುಗಳಲ್ಲಿ ಒಂದು ತುಂಬಿದ್ದು ಎಂದು ಅಣ್ಣ ಕೂಗಾಡಿದ. ನಾನು ಅವನಿಗಿಂತ ಜೋರಾಗಿ ಕೂಗಾಡಿದೆ. ಬಸ್ಸಿನಲ್ಲಿ ಕಾಲು ತುಳಿದವಳ ಜೊತೆ ಜಗಳ. ಪಕ್ಕದ ಮನೆಯವರ ರೇಡಿಯೋ ಜೊತೆ ಜಗಳ. ಟೈಲ್ಸ್ ಜೊತೆ ಫೋನಿನಲ್ಲಿ ಜಗಳ, ಮದುವೆಗೆ ಅವನು ಹೊಲಿಸುವ ಕೋಟಿನ ಬಣ್ಣದ ಬಗ್ಗೆ. ಬೂದು ಅಂದ. ಯಾವ ಬೂದು ಅಂದೆ. ಬೂದು ಅಂದ್ರೆ ಬೂದು ಅಂದ. ಇಂಥವನ ಜೊತೆ ಬದುಕುವುದು ಹೇಗೆ?

ಈ ಗೆರೆ ಒಂದು ಹೋಗಲಿ. ಆಮೇಲೆ ಎಲ್ಲ ಸರಿಹೋಗುತ್ತದೆ.

ಏಪ್ರಿಲ್ ೧೩, ಭಾನುವಾರ

ಅಮ್ಮ ತರಕಾರಿ ಹೆಚ್ಚುತ್ತಾ ಕೂತಿದ್ದಳು. ತಲೆಯೆತ್ತಿ ನನ್ನನ್ನೇ ನೋಡಿದಳು. ಚಾಕು ಕೆಳಗಿಟ್ಟಳು.

"ಮುಖ ಊದಿದೆ."

"ದಪ್ಪ ಆಗಿದ್ದೀನಿ."

"ಇದು ದಪ್ಪ ಅಲ್ಲ ಕಣೇ. ಈ ಮುಖ ನಾನು ನೋಡಿದ್ದೀನಿ. ಆ ಮಾತ್ರೆ ಎಲ್ಲಿಂದ ತಗೊಂಡೆ?"

ಇಂಥ ಕಣ್ಣು ಅಣ್ಣನಿಗೆ ಕೊಡದೆ ಅಮ್ಮನಿಗೆ ಕೊಟ್ಟಿದ್ದಾನೆ ದೇವರು. ಬಾಯಿಗೆ ಬಂದ ಹಾಗೆ ಬೈದೆ. ನನ್ನ ಬೀರುವಿಗೆ ಕೈ ಹಾಕಬೇಡ ಅಂದೆ, ನನ್ನ ಮದುವೆ ಹಾಳುಮಾಡಬೇಡ ಅಂದೆ, ಗಂಡನ ಮುಂದೆ ಬಟ್ಟೆ ಬಿಚ್ಚಬೇಕಾದವಳು ನಾನು, ನೀನಲ್ಲ ಅಂದೆ. ಕೊನೆಯದನ್ನು ಬರೆದು ಹೊಡೆದುಹಾಕಲು ಹೋದೆ. ಬರೆದದ್ದಾಯಿತು, ಇರಲಿ.

ಅಮ್ಮ ಅಳಲಿಲ್ಲ. ಅತ್ತಿದ್ದರೆ ನಾನೇ ಗೆದ್ದ ಹಾಗಾಗುತ್ತಿತ್ತು.

"ಹೊರಗಿನ ಗೆರೆ ನೋಡಿ ಹೆದರಿದನಾ ಅವನು?" ಅಂದಳು. "ನಾನು ನಿನ್ನ ಒಳಗಿನ ಕರುಳೇ ಹೊರಗೆ ಬಂದು ಕೂತಿದ್ದನ್ನ ನೋಡಿದೀನಿ. ವರ್ಷಪೂರ್ತಿ ಬೆಚ್ಚನೆ ನೀರಲ್ಲಿ ತೊಳೆದಿದ್ದೀನಿ. ಅದು ನನ್ನ ಕೈ ಮೇಲೇ ಮಾಡ್ತಿತ್ತು. ಯಜಮಾನ್ರಿಗೆ ಹೊತ್ತು ಗೊತ್ತು ಇಲ್ಲಮ್ಮ ಅಂತ ನೀನು ನಗ್ತಿದ್ದೆ. ಆವಾಗ ನಗ್ತಿದ್ದೋಳು ಎಲ್ಲಿ ಹೋದ್ಲು?"

 ಬುಧವಾರ ಪರೀಕ್ಷೆ ಇದೆ, ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿರು ಅಂದೆ. ಇದ್ದಾಳೆ. ಅಡುಗೆಮನೆಯಿಂದ ಚಾಕುವಿನ ಸದ್ದು ಮಾತ್ರ ಬರುತ್ತಿದೆ, ಬೇಕೆಂದೇ ಜೋರಾಗಿ.

ಏಪ್ರಿಲ್ ೧೭, ಗುರುವಾರ

ಆಸ್ಪತ್ರೆ. ಮೂಗಿನಲ್ಲಿ ನಳಿಕೆ. ಪೆನ್ನು ನರ್ಸಿನದು. ಪುಸ್ತಕ ಅಮ್ಮ ತಂದುಕೊಟ್ಟಳು. ಓದಿಲ್ಲವಂತೆ. ಓದಿದ್ದರೂ ಓದಲಿ.

ಏಪ್ರಿಲ್ ೧೯, ಶನಿವಾರ

ಇವತ್ತು ಎದ್ದು ಕೂತಿದ್ದೇನೆ. ಆದದ್ದು ಇಷ್ಟು.

ಮಂಗಳವಾರ, ಪರೀಕ್ಷೆಯ ಹಿಂದಿನ ದಿನ, ಗೇಟಿನಲ್ಲಿ ಒಂದು ಕಂದು ಬಣ್ಣದ ರಟ್ಟು ಹಿಡಿದು ನಿಂತಿದ್ದೆ. ಹೊಟ್ಟೆಯೊಳಗೆ ಯಾರೋ ಗಂಟು ಬಿಗಿದ ಹಾಗಾಯಿತು. ಆಮೇಲೆ ವಾಂತಿ, ಹಸಿರು ಹಸಿರು. ಅಣ್ಣ ನನ್ನನ್ನು ಎತ್ತಿಕೊಂಡು, ಸಿಕ್ಕಿದ ಕಾರಿಗೆ ಹಾಕಿಕೊಂಡು ಹೊರಟ. ಸಿಕ್ಕಿದ್ದು ಗಿರಾಕಿಯ ಕಾರು, ಆಗಷ್ಟೇ ಬಣ್ಣ ಹೊಡೆದದ್ದು, ಇನ್ನೂ ಒಣಗಿರಲಿಲ್ಲ. ಬಾಗಿಲ ಮೇಲೆ ನನ್ನ ಐದು ಬೆರಳೂ ಅಚ್ಚೊತ್ತಿವೆಯಂತೆ. ಒಳಗೆ ಸೀಟಿನ ಕತೆ ಬೇರೆ.

"ಬಾಗಿಲು ಮತ್ತೆ ಹೊಡೆದ್ರಾಯ್ತು, ಸೀಟು ತೊಳೆದ್ರಾಯ್ತು," ಅಂದ ನಿನ್ನೆ, ಕಿಟಕಿ ಕಡೆ ತಿರುಗಿಕೊಂಡು. "ನಿನ್ನ ಕೈ ಗುರುತು ಚೆನ್ನಾಗೇ ಬಂದಿದೆ. ಹಾಗೇ ಬಿಡ್ಲಾ ಅಂತ ಗಿರಾಕಿಗೆ ಕೇಳ್ದೆ. ಬೇಡವಂತೆ, ರಸಿಕ ಅಲ್ಲ ಆತ."

ಅವನು ಅಷ್ಟು ಹೊತ್ತು ಕಿಟಕಿಯಾಚೆ ಏನು ನೋಡುತ್ತಿದ್ದನೋ, ಅಲ್ಲಿ ನೀರಿನ ಟ್ಯಾಂಕ್ ಬಿಟ್ಟರೆ ಏನೂ ಇಲ್ಲ.

ಕರುಳು ಒಂದು ಕಡೆ ಊದಿ, ಕಿರಿದಾಗಿ, ದಾರಿ ಕಟ್ಟಿಕೊಂಡಿದೆ. ಡಾಕ್ಟರಮ್ಮ ಬಂದು ಮಂಚದ ಪಕ್ಕ ನಿಂತರು.

"ಯಾವ ಮಾತ್ರೆ? ಎಷ್ಟು ದಿನದಿಂದ?"

ಹೇಳಿದೆ. ಜನವರಿಯ ನೋವು ಹೇಳಿದೆ, ಮಾರ್ಚ್‌ನಿಂದ ಗ್ಯಾಸ್ ಅಂದುಕೊಂಡಿದ್ದೂ ಹೇಳಿದೆ. ನಳಿಕೆ ಇದ್ದ ಗಂಟಲಲ್ಲಿ ಸುಳ್ಳು ಹೇಳುವುದು ಕಷ್ಟ. ಇವರು ಕೂಗಾಡುತ್ತಾರೆ ಎಂದು ಕಾದೆ. ಕುರ್ಚಿ ಎಳೆದುಕೊಂಡು ಕೂತುಬಿಟ್ಟರು.

"ಅಲ್ಲಮ್ಮ, ಒಳಗೆ ಬೆಂಕಿ ಬಿದ್ದಿರೋವಾಗ ಹೊರಗೆ ಸುಣ್ಣ ಬಳಿಯೋಕೆ ಹೊರಟಿದ್ದೆಯಲ್ಲ. ಆ ಮಾತ್ರೆ ತಗೊಂಡು ಟೇಬಲ್ ಮೇಲೆ ಮಲಗಿದ್ರೆ ಹೊಲಿಗೆ ಕೂಡ್ತಿರಲಿಲ್ಲ. ಈಗಿರೋದಕ್ಕಿಂತ ದೊಡ್ಡ ಗುರುತು ಇಟ್ಕೊಂಡು ಬರ್ತಿದ್ದೆ, ಬದುಕಿ ಬಂದಿದ್ರೆ."

"ಈಗ ಕೊಯ್ತೀರಾ?"

"ಈ ಸಲ ಬೇಡ ಅನ್ಸುತ್ತೆ, ಔಷಧಿಗೆ ಬಗ್ಗುತ್ತಾ ಇದೆ. ಮುಂದೆ ಯಾವತ್ತಾದ್ರೂ ಬೇಕಾಗಬಹುದು. ಬೇಕಾದ್ರೆ ಅದೇ ಗೆರೆ ಮೇಲೇ ಹೋಗ್ತೀವಿ. ಹಳೇ ಬಾಗಿಲು ಇರೋವಾಗ ಹೊಸಾ ಗೋಡೆ ಯಾಕೆ ಒಡೆಯೋದು?"

ಬಾಗಿಲಂತೆ. ನನ್ನ ಹೊಟ್ಟೆ ಇವರಿಗೆ ಓಡಾಡುವ ಬಾಗಿಲು. ಎಷ್ಟು ಸಿಟ್ಟು ಬಂತೆಂದರೆ ಗೋಡೆಯ ಕಡೆ ಮಗ್ಗುಲಾದೆ. ನಳಿಕೆ ಎಳೆಯಿತು, ಮತ್ತೆ ಈ ಕಡೆಗೇ ತಿರುಗಬೇಕಾಯಿತು. ಅವರು ಇನ್ನೂ ಕೂತೇ ಇದ್ದರು.

ಏಪ್ರಿಲ್ ೨೧, ಸೋಮವಾರ

ಮಧ್ಯಾಹ್ನ ಟೈಲ್ಸ್ ಬಂದಿದ್ದ. ಬಾಗಿಲ ಹತ್ತಿರವೇ ನಿಂತು, ಮೂಗಿಗೆ ಕರವಸ್ತ್ರ ಹಿಡಿದುಕೊಂಡು, ಹೇಗಿದೀಯ ಅಂದ. ಅಮ್ಮ ಎದ್ದು ಹೊರಗೆ ಹೋದಳು.

"ಹಾಗಾದ್ರೆ ತಾರೀಖು ಮುಂದಕ್ಕೆ ಹೋಗುತ್ತಾ?"

"ಯಾವ ತಾರೀಖು? ಮದುವೇದಾ?"

"ಅಲ್ಲಪ್ಪ, ಹೊಟ್ಟೇದು."

ನಳಿಕೆ ಬೆಳಗ್ಗೆಯಷ್ಟೇ ತೆಗೆದಿದ್ದರು. ಹತ್ತಿರ ಬಾ ಅಂದೆ. ಬಂದ. ಹೊದಿಕೆ ಸರಿಸಿ, ಆಸ್ಪತ್ರೆಯ ಅಂಗಿಯನ್ನು ಎದೆಯ ಕೆಳಗಿನವರೆಗೆ ಎತ್ತಿದೆ. ಕಿಟಕಿಯಿಂದ ಬಿಸಿಲು ನೇರ ಮಂಚದ ಮೇಲೆ ಬೀಳುತ್ತಿತ್ತು.

"ಅವತ್ತು ನೀನು ಅವಸರದಲ್ಲಿದ್ದೆ. ಈಗ ನಿಧಾನಕ್ಕೆ ನೋಡು. ಬೆಳಕು ಚೆನ್ನಾಗಿದೆ."

ಅವನು ಗ್ಲೂಕೋಸ್ ಬಾಟಲಿ ನೋಡಿದ. ಅದರಿಂದ ಹನಿ ಬೀಳುವುದನ್ನು ಎಣಿಸುವವನ ಹಾಗೆ ನೋಡಿದ. "ನರ್ಸ್ ಬಂದುಬಿಟ್ಟಾರು, ಮುಚ್ಚಿಕೋ," ಅಂದ. ಅಂಚು ಹಿಡಿಯಲು ಅವನ ಕೈ ಬಂತು, ಅವತ್ತಿನ ಹಾಗೇ.

ಆ ಕೈ ಮೇಲೆ ಒಂದು ಏಟು ಕೊಟ್ಟೆ. ಗ್ಲೂಕೋಸ್ ಸೂಜಿ ಇದ್ದ ಕೈಯಿಂದಲೇ ಕೊಟ್ಟೆ, ಈಗಲೂ ನೋಯುತ್ತಿದೆ.

"ಹೋಗು. ಕೋಟು ಬೂದು ಬಣ್ಣದ್ದೇ ಹೊಲಿಸ್ಕೋ, ಬೇರೆ ಯಾರನ್ನಾದ್ರೂ ಮದುವೆ ಆಗೋವಾಗ ಹಾಕ್ಕೋ. ನಿನ್ನ ಬುದ್ಧಿಗೆ ಚೆನ್ನಾಗಿ ಹೊಂದುತ್ತೆ."

"ಕಾಯಿಲೆಯವಳು ಅಂತ ಸುಮ್ನಿದ್ದೀನಿ," ಅಂದ.

"ಸುಮ್ನಿರಬೇಡ, ನಡಿ."

ಹೋದ. ಪಕ್ಕದ ಮಂಚದ ಮುದುಕಿ ಇದನ್ನೆಲ್ಲ ಸಿನಿಮಾ ನೋಡುವ ಹಾಗೆ ನೋಡುತ್ತಿದ್ದಳು. ಮುಗಿಯಿತೇ ಎಂದು ಕೇಳಿದಳು. ಸ್ವಲ್ಪ ಹೊತ್ತಾದ ಮೇಲೆ ನರ್ಸ್ ಬಂದು "ಚಳಿ ಆಗಲ್ವಾ ನಿಮಗೆ?" ಎಂದಾಗಲೇ ನೋಡಿಕೊಂಡದ್ದು, ಅಂಗಿ ಇಳಿಸುವುದನ್ನೇ ಮರೆತಿದ್ದೆ.

ರಾತ್ರಿ ಅತ್ತೆ. ಅವನಿಗಾಗಿ ಅಲ್ಲ. ಹಸಿವಾಗಿತ್ತು, ಇನ್ನೂ ಏನೂ ತಿನ್ನಬಾರದಂತೆ.

ಮೇ ೬, ಮಂಗಳವಾರ

ಗ್ಯಾರೇಜಿಗೆ ಹೋಗಲು ಶುರು ಮಾಡಿದ್ದೇನೆ, ಅರ್ಧ ದಿನ. ಹದಿನೈದು ದಿನಕ್ಕೊಮ್ಮೆ ಹೊಸ ಇಂಜೆಕ್ಷನ್. ತಿಂದದ್ದನ್ನೆಲ್ಲ ಬರೆದಿಡುತ್ತಿದ್ದೇನೆ, ಬೇರೆ ಪುಸ್ತಕದಲ್ಲಿ. ಡಾಕ್ಟರಮ್ಮ ಅದನ್ನು ಓದಿ ಅಕ್ಷರ ಕೆಟ್ಟದಾಗಿದೆ ಅಂದರು. ಅವರ ಅಕ್ಷರ ನೋಡಿದವರು ಯಾರಾದರೂ ಈ ಮಾತು ಕೇಳಿಸಿಕೊಳ್ಳಬೇಕಿತ್ತು.

ತುಕ್ಕಿನ ಮಹಾನುಭಾವ ಮತ್ತೆ ಬಂದಿದ್ದ. ಬೇರೆ ಕಡೆ ಮೇಲಿಂದ ಮೇಲೆ ಬಣ್ಣ ಹೊಡೆಸಿದ್ದನಂತೆ. ಕಾರು ಮಾರಾಟವಾಗುವ ಮೊದಲೇ ಬಾಗಿಲ ತುಂಬ ಗುಳ್ಳೆ ಎದ್ದಿದೆ. ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಗಬೇಕಿತ್ತು. ಯಾಕೋ ನಗು ಬರಲಿಲ್ಲ. ಬೈಯಲೂ ಇಲ್ಲ.

"ಪೂರ್ತಿ ಉಜ್ಜಬೇಕು. ತೂತು ಬಿದ್ದ ಕಡೆ ತಗಡು ಕತ್ತರಿಸಿ ಹೊಸದು ಬೆಸೀಬೇಕು. ದಿನ ಹಿಡಿಯುತ್ತೆ. ಆಮೇಲೇ ಬಣ್ಣ," ಅಂದೆ.

"ಅಷ್ಟು ಮಾಡಿದ್ರೆ ಹೊಸದರ ಹಾಗೆ ಕಾಣುತ್ತಾ?"

"ಇಲ್ಲ. ಗಟ್ಟಿ ಇರುತ್ತೆ."

ಗಾಡಿ ಬಿಟ್ಟು ಹೋದ. ಇವಳಿಗೆ ಆಸ್ಪತ್ರೆಯಲ್ಲಿ ಬೇರೆ ನಾಲಿಗೆ ಹಾಕಿ ಕಳಿಸಿದ್ದಾರೆ ಎಂದು ಅಣ್ಣ ಸಂಜೆ ಅಮ್ಮನಿಗೆ ಹೇಳುತ್ತಿದ್ದ. ಅಯೋಗ್ಯ.

ಮೇ ೧೫, ಗುರುವಾರ

ಇಸ್ತ್ರಿ ಡಾಕ್ಟರ ಹತ್ತಿರ ಹೋಗಿ ನಿಜ ಹೇಳಿ ಬಂದೆ. ಬೈಯುತ್ತಾರೆ ಎಂದು ನಾನೂ ನಾಲ್ಕು ಮಾತು ಸಿದ್ಧ ಮಾಡಿಕೊಂಡು ಹೋಗಿದ್ದೆ. ಬೈಯಲಿಲ್ಲ. ಸಿದ್ಧ ಮಾಡಿದ್ದೆಲ್ಲ ದಂಡವಾಯಿತು.

"ಬಹಳ ಜನ ಹೀಗೇ ಸುಳ್ಳು ಹೇಳ್ತಾರೆ," ಅಂದರು. "ಒಳಗಿಂದು ಒಂದು ಹದಕ್ಕೆ ಬರಲಿ. ಆಮೇಲೂ ನಿಮಗೆ ಬೇಕು ಅನ್ನಿಸಿದ್ರೆ ಬನ್ನಿ. ಬೇಡ ಅನ್ನಿಸಿದ್ರೂ ಫೋನ್ ಮಾಡಿ, ನಿಮ್ಮ ಫೋಟೋ ಅಳಿಸಿಹಾಕ್ತೀನಿ."

ಕಂಪ್ಯೂಟರಿನಲ್ಲಿ ನನ್ನ ಹೊಟ್ಟೆ ಇತ್ತು, ನೀಲಿ ಬಟ್ಟೆಯ ಮುಂದೆ. ನೋಡಿದೆ. ಗೆರೆ ಸೀಮೆಸುಣ್ಣದ ಹಾಗೆ ಬಿಳಿ, ಯಜಮಾನರ ಮನೆ ಬೀಟ್‌ರೂಟಿನ ಹಾಗೆ ಕೆಂಪು.

"ಬಣ್ಣ ತಪ್ಪಾಗಿದೆ ಇದರಲ್ಲಿ."

"ಇದು ಬಣ್ಣ ನೋಡೋಕಲ್ಲಮ್ಮ, ಅಳತೆಗೆ," ಅಂದರು ಆರಾಮಾಗಿ.

ಅಳತೆಗಾದರೂ ತಪ್ಪು ತಪ್ಪೇ. ದಾರಿಯುದ್ದಕ್ಕೂ ಅದೇ ತಲೆಯಲ್ಲಿ. ತಪ್ಪು ಎಂದು ಹೇಳಿದವಳಿಗೆ ಸರಿ ಯಾವುದು ಎಂದು ಗೊತ್ತಿದೆಯೇ? ಮಂಕು ಬ‍ಲ್ಬಿನಲ್ಲಿ ನೋಡಿದ್ದು ಲೆಕ್ಕಕ್ಕೆ ಬರುವುದಿಲ್ಲ.

ಮೇ ೧೮, ಭಾನುವಾರ

ಗ್ಯಾರೇಜಿಗೆ ರಜೆ. ಬೀಗದ ಕೈ ತೆಗೆದುಕೊಂಡು ಹೋದೆ. ಗೇಟು ಒಳಗಿನಿಂದ ಚಿಲಕ ಹಾಕಿ, ಬಿಸಿಲು ಬೀಳುವ ಜಾಗದಲ್ಲಿ ಸ್ಟೂಲ್ ಹಾಕಿಕೊಂಡು, ಅಂಗಿ ಎತ್ತಿ ಹಲ್ಲಲ್ಲಿ ಕಚ್ಚಿ ಹಿಡಿದೆ. ಎರಡೂ ಕೈ ಬೇಕಿತ್ತು.

ಗುಳಿಯ ಒಳಗೋಡೆ ಕಂದು, ಸ್ವಲ್ಪ ಇಟ್ಟಿಗೆ ಕೆಂಪು ಸೇರಿದ್ದು. ಮೊದಲ ರಟ್ಟು ತೀರಾ ಕೆಂಪಾಯಿತು, ಎರಡನೆಯದಕ್ಕೆ ಹಳದಿ ಹಾಕಿ ಕೆಂಪನ್ನು ಕೊಂದೆ. ಆಮೇಲೆ ಒಂದು ಹನಿ ಕಪ್ಪು. ಕೂತಿತು. ಅಂಚು ಮಾತ್ರ ಆಟ ಆಡಿಸಿತು. ಉದ್ದದ ಗೆರೆಯೂ ಅದೇ ಜಾತಿ. ನೇರ ನೋಡಿದರೆ ಬಿಳಿ. ಸ್ವಲ್ಪ ಓರೆಯಾಗಿ ಕೂತರೆ ಒಳಗಿನಿಂದ ಮಿನುಗುತ್ತದೆ. ಮುತ್ತಿನ ಬಿಳಿ. ಲೋಕದಲ್ಲಿ ಬೇರೆ ಬಣ್ಣವೇ ಇರಲಿಲ್ಲವೇ ಈ ದರಿದ್ರ ಹೊಟ್ಟೆಗೆ? ರಟ್ಟಿನ ಮೇಲೆ ರಟ್ಟು ಹಾಳಾಯಿತು. ಬಿಸಿಲು ಸರಿದ ಹಾಗೆ ಸ್ಟೂಲನ್ನೂ ಸರಿಸಿಕೊಂಡು ಹೋದೆ. ಊಟದ ಹೊತ್ತು ಮೀರಿತು. ಕೊನೆಗೆ ಒಂದು ರಟ್ಟನ್ನು ಗೆರೆಯ ಪಕ್ಕಕ್ಕೆ ಹಿಡಿದರೆ, ಯಾವುದು ರಟ್ಟು ಯಾವುದು ನಾನು ಎಂದು ಗೊತ್ತಾಗಲಿಲ್ಲ.

ಎರಡೂ ರಟ್ಟಿನ ಹಿಂದೆ ಬಣ್ಣಗಳ ಅಳತೆ ಬರೆದೆ. ಗಾಡಿಯವರ ಗುರುತು ಬರೆಯುವ ಜಾಗದಲ್ಲಿ 'ಯಜಮಾನರು' ಎಂದು ಬರೆದು ಒಣಗಲು ಇಟ್ಟು ಬಂದೆ.

ಮೇ ೧೯, ಸೋಮವಾರ

ಬೆಳಗ್ಗೆ ಹೋದಾಗ ಅಣ್ಣ ಆ ರಟ್ಟುಗಳನ್ನು ಹಿಡಿದು ನಿಂತಿದ್ದ. ಟ್ಯೂಬ್‌ಲೈಟಿನ ಕೆಳಗಲ್ಲ, ಗೇಟಿನ ಹತ್ತಿರ. ಮುಂದೆ ನೋಡಿದ, ಹಿಂದೆ ತಿರುಗಿಸಿ ಓದಿದ, ಮತ್ತೆ ಮುಂದೆ ನೋಡಿದ. ಆಸ್ಪತ್ರೆಯಲ್ಲಿ ಚೀಲ ಸೋರಿದ ದಿನ ನೆಲ ಒರೆಸಿದವನು ಅವನೇ. ಯಜಮಾನರು ಯಾರು ಎಂದು ಕೇಳಬೇಕಾಗಿರಲಿಲ್ಲ.

"ಮತ್ತೆ ಬರ್ತಾರಾ ಇವರು?" ಅಂದ.

"ಬಂದ್ರೂ ಬರಬಹುದು. ಡಾಕ್ಟರಮ್ಮ ಗ್ಯಾರಂಟಿ ಕೊಟ್ಟಿಲ್ಲ."

"ದುಡ್ಡು ಗಿಡ್ಡು ಏನಾದ್ರೂ ಕೊಡೋ ಪಾರ್ಟೀನಾ?"

"ಇಲ್ಲ. ಬರೀ ತಂಟೆ."

ಅವನು ಮೂಗು ಒರೆಸಿಕೊಂಡ, ಥಿನ್ನರ್ ವಾಸನೆಗೆ ಇರಬೇಕು. ಗೋಡೆಯಲ್ಲಿ ಖಾಲಿ ಮೊಳೆ ಇರಲಿಲ್ಲ. ಸುತ್ತಿಗೆ ಹುಡುಕಿ, ಸ್ಪ್ರೇ ಬಣ್ಣದ ಹೊಗೆ ತಾಗದ ಕಡೆ ಹೊಸದೊಂದು ಮೊಳೆ ಹೊಡೆದು, ಎರಡೂ ರಟ್ಟನ್ನು ಸಿಕ್ಕಿಸಿದ.

ಮೊಳೆ ಸೊಟ್ಟಗೆ ಹೊಡೆದಿದ್ದಾನೆ. ಒಂದು ಕೆಲಸವೂ ನೆಟ್ಟಗೆ ಬರುವುದಿಲ್ಲ ಈ ಮನುಷ್ಯನಿಗೆ.